ಇಂಟರ್‌ಚೇಂಜ್‌ನ ಗಿಡಗಂಟಿ: ಕುಡುಗೋಲು, ಮಷಿನ್, ಜೆಸಿಬಿ, ಔಷಧಿ – ಎಲ್ಲಿಗೆ ಯಾವುದು?

"ಎಕರೆಗೆ ಎಷ್ಟು ತಗೋತೀರಾ?"

ಇಂಟರ್‌ಚೇಂಜ್‌ನಲ್ಲಿ ಬೆಳೆದ ಗಿಡಗಂಟಿ ತೆಗೆಸಬೇಕು ಅಂದ ಕೂಡಲೇ ಎಲ್ಲರೂ ಕೇಳುವುದು ಇದನ್ನೇ. ಹೊಲಕ್ಕಾದರೆ ಸರಿಯಾದ ಪ್ರಶ್ನೆ. ಇಂಟರ್‌ಚೇಂಜ್ ಹೊಲ ಅಲ್ಲವಲ್ಲ. ಬೆಂಗಳೂರಿನ ನೈಸ್ ರಸ್ತೆ ಹೊಸೂರು ರಸ್ತೆಯನ್ನೋ ಕನಕಪುರ ರಸ್ತೆಯನ್ನೋ ದಾಟುವ ಜಾಗ ನೋಡಿ. ಸುತ್ತಿ ಇಳಿಯುವ ಲೂಪ್, ಅದರ ಹೊಟ್ಟೆಯಲ್ಲಿ ಒಂದು ಬಯಲು. ಪಕ್ಕದಲ್ಲೇ ಇಳಿಜಾರಾದ ಏರಿ, ಏರಿಯ ಬುಡಕ್ಕೆ ಚರಂಡಿ. ದಾರಿ ಎರಡಾಗಿ ಒಡೆಯುವ ಕಡೆ ಒಂದು ಚೂಪು ಮೂಲೆ. ಕ್ರ್ಯಾಶ್ ಬ್ಯಾರಿಯರ್‌ನ ಅಡಿಯಲ್ಲಿ ಅಡಿ, ಒಂದೂವರೆ ಅಡಿ ಅಗಲದ ಪಟ್ಟಿ. ಎಲ್ಲ ಕಡೆ ಬೆಳೆಯುವುದು ಅದೇ ಕಾಂಗ್ರೆಸ್ ಗಿಡ, ಅದೇ ಲಾಂಟಾನ, ಅದೇ ಹರಳು. ಆದರೆ ಎಲ್ಲ ಕಡೆಗೂ ಒಂದೇ ವಿಧಾನ ನಡೆಯುವುದಿಲ್ಲ.

ಒಂದೇ ರೇಟು ಮಾತಾಡಿ, ಒಂದೇ ಮಷಿನ್ ತಂದು ಓಡಿಸಿದರೆ ಆಗುವುದು ಇಷ್ಟು: ಬಯಲು ನುಣ್ಣಗಾಗುತ್ತದೆ, ಮೂಲೆ ಹಾಗೇ ಉಳಿಯುತ್ತದೆ. ಎಕರೆ ಲೆಕ್ಕಕ್ಕೆ ಬಯಲೇ ಲಾಭ. ಅಪಾಯ ಇರುವುದು ಮೂಲೆಯಲ್ಲಿ.

ಸಣ್ಣ ಗುತ್ತಿಗೆದಾರರು, ನಿರ್ವಹಣೆ ನೋಡಿಕೊಳ್ಳುವ ಸೈಟ್ ಇಂಜಿನಿಯರ್‌ಗಳು, ಪಕ್ಕದ ಜಾಗವನ್ನು ಚೆಂದ ಇಟ್ಟುಕೊಳ್ಳುತ್ತೇವೆ ಅಂತ ಒಪ್ಪಿಕೊಂಡ ಬಡಾವಣೆಯವರು – ಈ ಹೋಲಿಕೆ ನಿಮಗಾಗಿ. ಬೆಂಗಳೂರು, ತುಮಕೂರು, ಮೈಸೂರು ಕಡೆಯ ಕೆಂಪು ಮಣ್ಣು, ಎರಡು ಕಂತಿನ ಮಳೆ ಮನಸ್ಸಿನಲ್ಲಿ ಇಟ್ಟುಕೊಂಡು ಬರೆದಿದ್ದೇನೆ. ಕರಾವಳಿಯ ವಿಷಯ ಬೇರೆ, ಕೊನೆಗೆ ಬರುತ್ತೇನೆ.

ಮೊದಲು ಕಾರಿನಲ್ಲಿ ಒಂದು ಸುತ್ತು

ಮಷಿನ್ ಆರಿಸುವ ಮೊದಲು ಯಾವ ಜಾಗ ಮುಖ್ಯ ಅನ್ನುವುದು ಗೊತ್ತಾಗಬೇಕು. ಅದಕ್ಕೆ ಒಂದು ಲೆಕ್ಕ ಇದೆ. ರಸ್ತೆಗಳಿಗೆ ಮಾನದಂಡ ರೂಪಿಸುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಸಂಸ್ಥೆಯ ಪ್ರಕಾರ, ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಬರುವ ಗಾಡಿಗೆ ಮುಂದೆ 45 ಮೀಟರ್ ದಾರಿ ಕಾಣಬೇಕು. 80ಕ್ಕೆ 120 ಮೀಟರ್. 100ಕ್ಕೆ 180 ಮೀಟರ್. ಅಷ್ಟು ಕಂಡರೆ ಮಾತ್ರ ಬ್ರೇಕ್ ಹಾಕಿ ನಿಲ್ಲಿಸಬಹುದು. ಈ ಲೆಕ್ಕದಲ್ಲಿ ಡ್ರೈವರ್‌ನ ಕಣ್ಣು ನೆಲದಿಂದ 1.2 ಮೀಟರ್ ಎತ್ತರದಲ್ಲಿರುತ್ತದೆ, ರಸ್ತೆಯಲ್ಲಿ ಬಿದ್ದಿರುವ ವಸ್ತು 15 ಸೆಂಟಿಮೀಟರ್ ಎತ್ತರದ್ದು.

ಈಗ ಕಾಂಗ್ರೆಸ್ ಗಿಡ ನೆನಪಿಸಿಕೊಳ್ಳಿ. ಒಳ್ಳೆ ಮಳೆ ಬಿದ್ದರೆ ಒಂದು ಮೀಟರ್ ದಾಟಿ ಬೆಳೆಯುತ್ತದೆ. ಅಂದರೆ ನೇರವಾಗಿ ಕಾರಿನವರ ಕಣ್ಣಿನ ಮಟ್ಟಕ್ಕೆ. ತಿರುವಿನ ಒಳಗಡೆ ಮೊಣಕಾಲೆತ್ತರದ ಹುಲ್ಲಿದ್ದರೂ ಸಾಕು, ಆಚೆ ಬಿದ್ದಿರುವ ಟೈರ್ ಚೂರು ಕಾಣುವುದಿಲ್ಲ.

ಹಾಗಾಗಿ ಲೂಪ್‌ಗಳನ್ನೆಲ್ಲ ಒಮ್ಮೆ ಸಣ್ಣ ಕಾರಿನಲ್ಲಿ ಸುತ್ತಿ ಬನ್ನಿ. ಟಿಪ್ಪರ್‌ನಲ್ಲೋ ಜೀಪ್‌ನಲ್ಲೋ ಹೋದರೆ ಪ್ರಯೋಜನ ಇಲ್ಲ. ಲಾರಿಯಲ್ಲಿ ಕೂತವರು "ಎಲ್ಲಾ ಚೆನ್ನಾಗಿ ಕಾಣುತ್ತೆ ಸಾರ್" ಅಂತಲೇ ಹೇಳುತ್ತಾರೆ. ಅವರಿಗೆ ಕಾಣುತ್ತದೆ, ಅದು ನಿಜ. ಆಲ್ಟೋದವರಿಗೆ ಕಾಣುವುದಿಲ್ಲ. ಎಲ್ಲೆಲ್ಲಿ ಗಿಡ ಅಡ್ಡ ಬಂತೋ ಅಲ್ಲಿ ಬ್ಯಾರಿಯರ್ ಕಂಬಕ್ಕೆ ಬಣ್ಣದ ಗುರುತು ಹಾಕಿ. ಲೂಪ್‌ನ ಒಳತಿರುವು, ದಾರಿ ಒಡೆಯುವ ಮೂಲೆ, ಪಕ್ಕದ ರಸ್ತೆಯಿಂದ ಬಂದು ಸೇರುವಲ್ಲಿ ತಲೆ ತಿರುಗಿಸಿ ಹಿಂದೆ ನೋಡುವ ಜಾಗ, ಬೋರ್ಡ್‌ಗಳ ಮುಂಭಾಗ – ಸಾಮಾನ್ಯವಾಗಿ ಗುರುತು ಬೀಳುವುದು ಇಲ್ಲೇ. ಇವು ಒಟ್ಟು ಜಾಗದಲ್ಲಿ ಸ್ವಲ್ಪವೇ. ವರ್ಷಪೂರ್ತಿ ತಗ್ಗಾಗಿ ಇರಬೇಕಾದ್ದು ಇಷ್ಟೇ. ಉಳಿದದ್ದಕ್ಕೆ ವರ್ಷಕ್ಕೆ ಒಂದೋ ಎರಡೋ ಸಲ ಸಾಕು.

ಕೈಯೋ, ಬ್ರಶ್ ಕಟರೋ

ಹುಲ್ಲು ಹೊಡೆಯುವ ಮಷಿನ್, ಅಂದರೆ ಬ್ರಶ್ ಕಟರ್, ಬಂದ ಮೇಲೆ ಕುಡುಗೋಲು ಹಿಡಿಯುವವರು ಕಮ್ಮಿ. ಹೆಗಲಿಗೆ ಹಾಕಿಕೊಂಡು ಒಬ್ಬ ಹೋದರೆ ನಾಲ್ಕೈದು ಜನರ ಕೆಲಸ ಆಗುತ್ತದೆ. ಬ್ಯಾರಿಯರ್ ಅಡಿಯ ಪಟ್ಟಿಗೆ, ಬೋರ್ಡ್ ಕಂಬದ ಬುಡಕ್ಕೆ, ಮೂಲೆಗೆ ಇದಕ್ಕಿಂತ ಒಳ್ಳೆಯದು ಇಲ್ಲ. ಟ್ರಾಕ್ಟರ್ ಅಲ್ಲಿಗೆ ಹೋಗುವುದೇ ಇಲ್ಲ.

ಆದರೆ ಮಷಿನ್‌ಗೆ ಏನು ಸಿಗಿಸುತ್ತೀರಿ ಅನ್ನುವುದು ಮಷಿನ್‌ಗಿಂತ ದೊಡ್ಡ ಪ್ರಶ್ನೆ. ನೈಲಾನ್ ದಾರ ಹಸಿ ಹುಲ್ಲಿಗೆ, ಎಳೆಯ ಕಾಂಗ್ರೆಸ್ ಗಿಡಕ್ಕೆ. ಮೂರು ಹಲ್ಲಿನ ಬ್ಲೇಡ್ ಒರಟು ಹುಲ್ಲಿಗೆ, ಬಲಿತ ಗಿಡಕ್ಕೆ. ಗರಗಸದ ಹಾಗೆ ಸುತ್ತ ಹಲ್ಲಿರುವ ದುಂಡು ಬ್ಲೇಡ್ ಹರಳಿನ ಕಾಂಡಕ್ಕೆ, ಎಳೆ ಸುಬಾಬುಲ್‌ಗೆ. ಬ್ಯಾರಿಯರ್ ಪಕ್ಕ ಬ್ಲೇಡ್ ಬೇಡವೇ ಬೇಡ. ಕಬ್ಬಿಣದ ಕಂಬಕ್ಕೆ ತಾಗಿದರೆ ಮಷಿನ್ ಪಕ್ಕಕ್ಕೆ ಒದೆಯುತ್ತದೆ. ಪಕ್ಕದಲ್ಲಿ ಇರುವುದು ರಸ್ತೆ.

ಇನ್ನೊಂದು ವಿಷಯ. ಬ್ರಶ್ ಕಟರ್ ನಡೆಯುವಾಗ ಸುತ್ತ 15 ಮೀಟರ್ ಯಾರೂ ಇರಬಾರದು ಅಂತ ಮಷಿನ್ ಜೊತೆ ಬರುವ ಪುಸ್ತಕದಲ್ಲೇ ಬರೆದಿರುತ್ತಾರೆ. ಕಲ್ಲು ಹಾರುತ್ತದೆ. ಲೂಪ್‌ನ ರಸ್ತೆಯ ಅಗಲವೇ ಅದರ ಅರ್ಧ ಇರುವುದಿಲ್ಲ. ಅಂದರೆ ಅಂಚಿನಲ್ಲಿ ನಿಂತು ಹೊಡೆಯುವಾಗ ಹೋಗುವ ಪ್ರತಿ ಗಾಡಿಯೂ ಆ 15 ಮೀಟರ್ ಒಳಗೇ ಹೋಗುತ್ತದೆ. ಇದಕ್ಕೆ ಎರಡೇ ದಾರಿ. ಒಂದು, ಕೋನ್ ಇಟ್ಟು ಲೂಪ್ ಅನ್ನು ಸ್ವಲ್ಪ ಹೊತ್ತು ಮುಚ್ಚುವುದು. ಇನ್ನೊಂದು, ಚೌಕಟ್ಟಿಗೆ ಕಟ್ಟಿದ ದಪ್ಪ ಬಲೆಯನ್ನು ಇಬ್ಬರು ರಸ್ತೆ ಕಡೆ ಹಿಡಿದು ಮಷಿನ್ ಜೊತೆಗೇ ಸಾಗುವುದು. ಎರಡೂ ಆಗಲ್ಲ ಅಂದರೆ ಆ ಪಟ್ಟಿಗೆ ಕುಡುಗೋಲೇ ಸರಿ. ನಿಧಾನ ಆದರೂ ಯಾರ ಗಾಜೂ ಒಡೆಯುವುದಿಲ್ಲ.

ಮಷಿನ್ ಶುರು ಮಾಡುವ ಮುಂಚೆ ಕಸ ಹೆಕ್ಕಲೇಬೇಕು. ಇಂಟರ್‌ಚೇಂಜ್‌ನ ಹುಲ್ಲಿನಲ್ಲಿ ಏನಿರುತ್ತದೆ ಅಂತ ದೂರದಿಂದ ಗೊತ್ತಾಗಲ್ಲ. ಲಾರಿ ನಿಲ್ಲಿಸಿ ಎಸೆದ ಕ್ವಾರ್ಟರ್ ಬಾಟಲಿ, ಗುಟ್ಕಾ ಚೀಟಿ, ಊಟದ ಪೊಟ್ಟಣ. ಎಲ್ಲಕ್ಕಿಂತ ಕೆಟ್ಟದ್ದು ಒಡೆದ ಟೈರ್ ಚೂರು. ರಬ್ಬರ್ ಒಳಗೆ ಕೂದಲಿನಷ್ಟು ಸಣ್ಣ ಉಕ್ಕಿನ ತಂತಿಗಳಿರುತ್ತವೆ. ಮಷಿನ್ ತಲೆಗೆ ಒಂದು ಎಳೆ ಸಿಕ್ಕಿಕೊಂಡರೆ ಮಿಕ್ಕದ್ದೆಲ್ಲ ಹಿಂದೆಯೇ ಸುತ್ತಿಕೊಂಡು ಬರುತ್ತದೆ. ಬಿಚ್ಚಬೇಕಾದರೆ ಇಂಜಿನ್ ಆಫ್ ಮಾಡಿ, ಇಕ್ಕಳ ಹಿಡಿದು ಎಳೆ ಎಳೆಯಾಗಿ ಕತ್ತರಿಸುತ್ತಾ ಕೂರಬೇಕು. ಬರಿ ಕೈಯಲ್ಲಿ ಎಳೆದವರ ಬೆರಳು ಸೀಳುತ್ತದೆ. ಪ್ಲಾಸ್ಟಿಕ್ ಆದರೆ ಬೇರೆ ತೊಂದರೆ. ಒಂದು ಕವರ್ ಸಾವಿರ ಚೂರಾಗಿ ಚರಂಡಿ ಸೇರುತ್ತದೆ, ಆಮೇಲೆ ಹೆಕ್ಕುವವರೇ ಇಲ್ಲ.

ಕೈಯ ಕೆಲಸಕ್ಕೆ ಮಷಿನ್ ಸಾಟಿಯಾಗದ ಜಾಗಗಳೂ ಇವೆ. ಕಾಂಗ್ರೆಸ್ ಗಿಡವನ್ನು ಮೇಲೆ ಕತ್ತರಿಸಿದರೆ ಬುಡದಿಂದ ಮತ್ತೆ ಚಿಗುರಿ, ಗಿಡ್ಡವಾಗಿಯೇ ಹೂ ಬಿಡುತ್ತದೆ. ಮಳೆ ಬಿದ್ದ ಮರುದಿನ, ಮಣ್ಣು ಮೆತ್ತಗಿರುವಾಗ, ಬೇರು ಸಮೇತ ಕಿತ್ತರೆ ಮುಗಿಯಿತು. ಕೈಗೆ ಗ್ಲೌಸು, ತುಂಬು ತೋಳಿನ ಅಂಗಿ ಕೊಡದೆ ಯಾರನ್ನೂ ಈ ಕೆಲಸಕ್ಕೆ ಇಳಿಸಬೇಡಿ. ಚರ್ಮ ಕೆರೆದು ಗಾಯವಾಗುತ್ತದೆ, ಕೆಲವರಿಗೆ ಉಬ್ಬಸವೂ ಬರುತ್ತದೆ. ಲಾಂಟಾನಕ್ಕೆ ಪಿಕಾಸಿ ಬೇಕು. ಬುಡದ ಮಣ್ಣು ಸರಿಸಿ, ನೆಲದ ಮಟ್ಟದಿಂದ ಎರಡು ಬೆರಳು ಕೆಳಗೆ ಬೇರು ಕಡಿದು, ಪೊದೆಯನ್ನು ತಲೆಕೆಳಗಾಗಿ ಇಟ್ಟುಬಿಡುವುದು. ಹಾಗೆ ಇಟ್ಟರೆ ಮತ್ತೆ ಬೇರೂರುವುದಿಲ್ಲ. ಬರೀ ಮಚ್ಚಿನಲ್ಲಿ ಸವರಿದರೆ ಮೊದಲಿಗಿಂತ ದಟ್ಟವಾಗಿ ಬರುತ್ತದೆ. ಕಡ್ಡಿಗೆ ಬೆಲೆ ಇಲ್ಲ ಅಂತಲೂ ಅಲ್ಲ. ಮಲೆ ಮಹದೇಶ್ವರ ಬೆಟ್ಟದ ಸೋಲಿಗರು ಲಾಂಟಾನದಲ್ಲಿ ಕುರ್ಚಿ, ಮೇಜು ಮಾಡುತ್ತಾರೆ.

ಟ್ರಾಕ್ಟರೋ, ಜೆಸಿಬಿಯೋ

ಲೂಪ್ ಒಳಗಿನ ಸಮತಟ್ಟು ಬಯಲಿಗೆ ಟ್ರಾಕ್ಟರ್ ಹಿಂದೆ ಕಟ್ಟುವ ಸ್ಲ್ಯಾಷರ್ ಒಳ್ಳೆಯದು. ನೆಲದಿಂದ ಅರ್ಧ ಅಡಿ ಮೇಲೆ ಕತ್ತರಿಸಿ ಹುಲ್ಲನ್ನು ಅಲ್ಲೇ ಹರಡುತ್ತದೆ. ಮಣ್ಣು ಮುಟ್ಟುವುದಿಲ್ಲ, ಇದೇ ಅದರ ಗುಣ. ಸ್ಲ್ಯಾಷರ್ ಸಿಗಲಿಲ್ಲ ಅಂತ ರೋಟವೇಟರ್ ಹಾಕುವವರಿದ್ದಾರೆ. ದಯವಿಟ್ಟು ಬೇಡ. ಒಂದು ದೊಡ್ಡ ಕಾಂಗ್ರೆಸ್ ಗಿಡ 15,000ಕ್ಕೂ ಹೆಚ್ಚು ಬೀಜ ಉದುರಿಸುತ್ತದೆ. ನೆಲದಲ್ಲಿ ಮಲಗಿರುವ ಅವನ್ನು ಉತ್ತು ಮೇಲೆ ತಂದರೆ ಬಿತ್ತನೆ ಮಾಡಿದ ಹಾಗೆಯೇ.

ಏರಿಯ ಮೇಲೆ ಟ್ರಾಕ್ಟರ್ ಹತ್ತಿಸಬೇಡಿ. ನಮ್ಮ ಹೆದ್ದಾರಿ ಏರಿಗಳು ಸಾಮಾನ್ಯವಾಗಿ ಎರಡು ಅಡಿ ಅಡ್ಡಕ್ಕೆ ಒಂದು ಅಡಿ ಇಳಿಯುತ್ತವೆ. ಹತ್ತಿರ ಹತ್ತಿರ 27 ಡಿಗ್ರಿ. ಅಡ್ಡಡ್ಡ ಓಡಿಸಿದರೆ ಪಲ್ಟಿ ಗ್ಯಾರಂಟಿ ಅಂದುಕೊಳ್ಳಿ. ಪಕ್ಕಕ್ಕೆ ಉದ್ದ ತೋಳು ಚಾಚಿ ಕತ್ತರಿಸುವ ಮಷಿನ್ ಸಿಕ್ಕಿದರೆ ಟ್ರಾಕ್ಟರನ್ನು ಮೇಲೆ ನಿಲ್ಲಿಸಿಯೇ ಏರಿ ಮುಗಿಸಬಹುದು. ಸಿಗದಿದ್ದರೆ ಆಳೇ ಗತಿ. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಮುಖ್ಯ ರಸ್ತೆಯಲ್ಲಿ 2023ರ ಆಗಸ್ಟ್ 1ರಿಂದ ಬೈಕ್, ಆಟೋ ಜೊತೆ ಟ್ರಾಕ್ಟರ್‌ಗೂ ಪ್ರವೇಶ ಇಲ್ಲ. ಅಂಥ ಕಡೆ ಕೆಲಸ ಹಿಡಿದರೆ ಟ್ರಾಕ್ಟರ್ ಯಾವ ಕಡೆಯಿಂದ ಒಳಗೆ ಬರಬೇಕು ಅಂತ ರಸ್ತೆಯವರ ಜೊತೆ ಮೊದಲೇ ಮಾತಾಡಿಕೊಳ್ಳಿ.

ಜೆಸಿಬಿ ಬಗ್ಗೆ ನನ್ನ ಅಭಿಪ್ರಾಯ ಸ್ವಲ್ಪ ಖಾರ. ಗಂಟೆ ಲೆಕ್ಕದಲ್ಲಿ ಸಿಗುತ್ತದೆ, ಸಂಜೆಯೊಳಗೆ ನೆಲ ಕೆಂಪಗೆ ಹೊಳೆಯುತ್ತದೆ, ಫೋಟೋ ಚೆನ್ನಾಗಿ ಬರುತ್ತದೆ. ಬಿಲ್ ಪಾಸ್ ಆಗುವುದಕ್ಕೆ ಇದಕ್ಕಿಂತ ಸುಲಭದ ಕೆಲಸ ಇಲ್ಲ. ಆದರೆ ಬಕೆಟ್ ಕೆರೆದಿದ್ದು ಗಿಡವನ್ನಷ್ಟೇ ಅಲ್ಲ, ಗರಿಕೆಯನ್ನೂ ಮೇಲ್ಮಣ್ಣನ್ನೂ ಕೆರೆದಿರುತ್ತದೆ. ಒಂದು ಜೋರು ಮಳೆಗೆ ಆ ಮಣ್ಣು ಚರಂಡಿಗೆ, ಚರಂಡಿಯಿಂದ ಮೋರಿಗೆ. ಬರಿ ನೆಲದಲ್ಲಿ ಮೊದಲು ಹುಟ್ಟುವುದು ಮತ್ತೆ ಕಾಂಗ್ರೆಸ್ ಗಿಡವೇ. ರಸ್ತೆ ಪಕ್ಕದಲ್ಲಿ ಕೇಬಲ್‌ಗಳು ಬೇರೆ ಹೂತಿರುತ್ತವೆ. ಜೆಸಿಬಿ ನಿಜವಾಗಿ ಬೇಕಾಗುವುದು ಬಳ್ಳಾರಿ ಜಾಲಿಗೆ. ಅದನ್ನು ಕತ್ತರಿಸಿದರೆ ಬೊಡ್ಡೆಯಿಂದ ಹತ್ತು ಕವಲು ಬರುತ್ತದೆ, ಬುಡ ಸಮೇತ ಕೀಳಲೇಬೇಕು. ಕಿತ್ತ ಗುಂಡಿಯನ್ನು ಅದೇ ದಿನ ಮುಚ್ಚಿಸಿ, ಹುಲ್ಲು ಹಾಕಿಸಿ.

ಪೊದೆ ಬೇರೆ, ಮರ ಬೇರೆ. ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ 1976ರಿಂದಲೂ ಇದೆ. ಮರ ಕಡಿಯಬೇಕಾದರೆ ವೃಕ್ಷ ಅಧಿಕಾರಿಯ ಅನುಮತಿ ಬೇಕು. "ಒಟ್ಟಿಗೆ ಇದನ್ನೂ ತೆಗೆದುಬಿಡಿ" ಅಂತ ಯಾರೋ ಮೇಲಿಂದ ಹೇಳಿದರು ಅನ್ನುವುದು ಆಮೇಲೆ ನಿಮ್ಮ ನೆರವಿಗೆ ಬರಲ್ಲ. ಕಾಗದ ನೋಡದೆ ಗರಗಸ ಹಿಡಿಯಬೇಡಿ.

ಔಷಧಿ ಹೊಡೆಯುವುದು

ಕಳೆನಾಶಕಗಳಲ್ಲಿ ಗ್ಲೈಫೋಸೇಟ್ ಎಲ್ಲರಿಗೂ ಗೊತ್ತಿರುವ ಹೆಸರು. 2022ರ ಅಕ್ಟೋಬರ್‌ನಲ್ಲಿ ಕೇಂದ್ರ ಕೃಷಿ ಸಚಿವಾಲಯ ಇದರ ಬಳಕೆಯನ್ನು ಬಿಗಿ ಮಾಡಿ ಅಧಿಸೂಚನೆ ಹೊರಡಿಸಿತು. ಕೀಟ ನಿಯಂತ್ರಣದ ಪರವಾನಗಿ ಇರುವವರ ಮೂಲಕ ಮಾತ್ರ ಬಳಸಬೇಕು ಅನ್ನುವುದು ಅದರ ಸಾರ. ಅಂಗಡಿಯಿಂದ ಡಬ್ಬಿ ತಂದು ಕೂಲಿಯವರ ಬೆನ್ನಿಗೆ ಪಂಪ್ ಕಟ್ಟಿ ಕಳಿಸುವ ಕೆಲಸ ಇದಲ್ಲ.

ಕೆಲಸ ಮಾಡುತ್ತದಾ? ಮಾಡುತ್ತದೆ. ಅದೇ ತೊಂದರೆ. ಗರಿಕೆ, ಲಾವಂಚ, ಕಾಂಗ್ರೆಸ್ ಗಿಡ ಅಂತ ಭೇದ ಇಲ್ಲದೆ ಎಲ್ಲ ಒಣಗಿಸುತ್ತದೆ. ಏರಿಯ ಮಣ್ಣು ಹಿಡಿದಿರುವ ಹುಲ್ಲೂ ಹೋಗುತ್ತದೆ. ಒಣಗಿದ ಗಿಡ ನಿಂತಲ್ಲೇ ನಿಂತಿರುತ್ತದೆ, ಡ್ರೈವರ್‌ಗೆ ಅಡ್ಡ ಹಾಗೇ ಉಳಿಯುತ್ತದೆ, ಬೀಡಿ ತುಂಡು ಬಿದ್ದರೆ ಬೆಂಕಿಯೂ ಹತ್ತುತ್ತದೆ. ಅಂದರೆ ಔಷಧಿ ಹೊಡೆದ ಮೇಲೂ ಕತ್ತರಿಸಲೇಬೇಕು. 2,4-ಡಿ ಅನ್ನುವ ಇನ್ನೊಂದು ಕಳೆನಾಶಕ ಹುಲ್ಲನ್ನು ಬಿಟ್ಟು ಅಗಲ ಎಲೆಯವನ್ನು ಮಾತ್ರ ಕೊಲ್ಲುತ್ತದೆ ನಿಜ. ಆದರೆ ಗಾಳಿಗೆ ಪಕ್ಕದ ಹೊಲಕ್ಕೆ ಹಾರಿದರೆ ದ್ರಾಕ್ಷಿ, ಟೊಮ್ಯಾಟೊ ಎಲೆ ಮುದುಡಿ ರೈತರು ಬಂದು ನಿಲ್ಲುತ್ತಾರೆ. ಗಾಡಿಗಳು ಬೀಸಿಕೊಂಡು ಹೋಗುವ ಜಾಗದಲ್ಲಿ ಗಾಳಿ ಯಾವ ಕಡೆ ತಿರುಗುತ್ತದೆ ಅಂತ ಯಾರು ಹೇಳಬೇಕು?

ನಾನು ಔಷಧಿಗೆ ಒಪ್ಪುವುದು ಎರಡೇ ಜಾಗದಲ್ಲಿ. ಕಾಂಕ್ರೀಟ್ ಬಿರುಕು, ಕಲ್ಲು ಹಾಸಿನ ಸಂದುಗಳಲ್ಲಿ ಬೆಳೆದ ಗಿಡ ಒಂದು. ಕಡಿದ ಜಾಲಿ ಬೊಡ್ಡೆಗೆ ಬ್ರಶ್‌ನಲ್ಲಿ ಬಳಿಯುವುದು ಇನ್ನೊಂದು. ಅದೂ ಪರವಾನಗಿ ಇರುವವರಿಂದ. ಉಪ್ಪುನೀರು ಹೊಡೆಯುವ ಹಳೆ ಉಪಾಯ ಕಾಂಗ್ರೆಸ್ ಗಿಡಕ್ಕೆ ಕೆಲಸ ಮಾಡುತ್ತದೆ, ಆದರೆ ಬ್ಯಾರಿಯರ್ ಕಬ್ಬಿಣಕ್ಕೆ ತುಕ್ಕು, ಮಣ್ಣಿಗೆ ಉಪ್ಪು. ಬೆಂಕಿ ಹಾಕುವುದರ ಬಗ್ಗೆ ಹೋಲಿಕೆಯೇ ಬೇಡ. ಹೊಗೆ ರಸ್ತೆಗೆ ಅಡ್ಡ ಬಂದ ಕ್ಷಣ ಗಾಡಿಗಳು ಒಂದಕ್ಕೊಂದು ಗುದ್ದುತ್ತವೆ.

ಕುರಿ, ಹಸು, ಹುಲ್ಲಿನ ಹೊರೆ

ಕುರಿ ಮಂದೆ ಬಿಟ್ಟರೆ ಪುಕ್ಕಟೆ ಅಲ್ವಾ ಅಂತ ಕೇಳುತ್ತಾರೆ. ಸುತ್ತ ಗಟ್ಟಿ ಬೇಲಿ ಇಲ್ಲದ ಇಂಟರ್‌ಚೇಂಜ್‌ಗೆ ಇದು ಆಗದ ಮಾತು, ಒಂದು ಮರಿ ರಸ್ತೆಗೆ ಓಡಿದರೆ ಸಾಕು. ಬೇಲಿ ಇದ್ದರೂ ಕುರಿ ಮೇಯುವುದು ಒಳ್ಳೆ ಹುಲ್ಲನ್ನೇ. ಕಾಂಗ್ರೆಸ್ ಗಿಡ ಉಳಿಯುತ್ತದೆ. ಲಾಂಟಾನ ತಿಂದರೆ ವಿಷ.

ಬದಲಿಗೆ ಅಕ್ಕಪಕ್ಕದ ಹಳ್ಳಿಯಲ್ಲಿ ಹಸು ಕಟ್ಟಿದವರನ್ನು ಮಾತಾಡಿಸಿ. ಸರ್ವಿಸ್ ರಸ್ತೆ ಕಡೆಯಿಂದ ಟಿವಿಎಸ್ ಎಕ್ಸ್‌ಎಲ್‌ನಲ್ಲಿ ಬಂದು, ಸೀಟಿನ ಹಿಂದೆ ಆಳೆತ್ತರ ಹುಲ್ಲು ಹೊರೆ ಕಟ್ಟಿಕೊಂಡು ಹೋಗುವವರು ಎಲ್ಲ ಕಡೆ ಇದ್ದಾರೆ. ಕಸ ಹೆಕ್ಕಿದ ಬಯಲಿನ ಹುಲ್ಲು ಅವರಿಗೆ, ತೆರವು ನಿಮಗೆ. ಆದರೆ ಬಯಲಿಗೆ ಮಾತ್ರ. ಅಂಚಿಗೂ ಮೂಲೆಗೂ ಅವರನ್ನು ಕಳಿಸಬಾರದು, ಔಷಧಿ ಹೊಡೆದ ವರ್ಷ ಕೊಡಲೂಬಾರದು.

ತೆಗೆದ ಜಾಗದಲ್ಲಿ ಏನು ಬರಬೇಕು

ನನ್ನ ಮಟ್ಟಿಗೆ ಇಡೀ ಹೋಲಿಕೆ ನಿಂತಿರುವುದು ಇಲ್ಲಿ. ಖಾಲಿ ನೆಲ ಖಾಲಿ ಇರುವುದಿಲ್ಲ. ನೀವು ಬೆಳೆಸದಿದ್ದರೆ ಅದೇ ಬೆಳೆಸಿಕೊಳ್ಳುತ್ತದೆ. ಹಾಗಾಗಿ ಎರಡು ವಿಧಾನದ ಬೆಲೆ ಹೋಲಿಸುವಾಗ ಈ ಸಲದ ಖರ್ಚು ನೋಡಬೇಡಿ. ಮೂರನೇ ವರ್ಷ ಎಷ್ಟು ಸಲ ಬರಬೇಕಾಗುತ್ತದೆ ಅಂತ ನೋಡಿ.

ಏರಿಗೆ ಲಾವಂಚ ಬಿಟ್ಟರೆ ಬೇರೆ ಯೋಚನೆ ಬೇಡ. ಬೇರು ಎರಡು, ಮೂರು ಮೀಟರ್ ನೇರ ಕೆಳಗೆ ಇಳಿಯುತ್ತದೆ. ಅಡ್ಡ ಸಾಲಾಗಿ ಒತ್ತೊತ್ತಾಗಿ ನೆಟ್ಟರೆ ಮಣ್ಣು ನಿಲ್ಲುತ್ತದೆ. ಒಳತಿರುವಿಗೆ, ಮೂಲೆಗೆ ಗರಿಕೆ ಸಾಕು. ಅದು ತಾನಾಗಿಯೇ ಗಿಡ್ಡ. ಬಯಲಿನ ನಡುವೆ ತಂಗಡಿ ಬಿತ್ತಬಹುದು. ನಮ್ಮದೇ ನೆಲದ ಗಿಡ, ನೀರು ಕೇಳುವುದಿಲ್ಲ, ಹಳದಿ ಹೂ, ಕಾಂಗ್ರೆಸ್ ಗಿಡಕ್ಕೆ ಜಾಗ ಬಿಡದೆ ಹಬ್ಬುತ್ತದೆ. ಆದರೆ ಎದೆಯೆತ್ತರ ಬರುವ ಗಿಡ, ಅದಕ್ಕೇ ಕಣ್ಣಿಗೆ ಅಡ್ಡ ಬರುವ ಕಡೆ ಬೇಡ. ಕಣಗಿಲೆ, ಕಾಗದದ ಹೂವು ರಸ್ತೆ ನಡುವಿನ ಮೀಡಿಯನ್‌ಗೆ ಸರಿ. ಎದುರಿನ ಗಾಡಿಯ ಲೈಟ್ ಕಣ್ಣಿಗೆ ಹೊಡೆಯದಂತೆ ತಡೆಯುವುದೇ ಅಲ್ಲಿ ಅವುಗಳ ಕೆಲಸ. ಅದನ್ನೇ ತಂದು ಲೂಪ್‌ನ ಒಳತಿರುವಿಗೆ ಚೆಂದಕ್ಕೆ ನೆಟ್ಟರೆ ಕಳೆ ತೆಗೆದಿದ್ದೂ ದಂಡ.

ಕಾಂಗ್ರೆಸ್ ಗಿಡ ತಿನ್ನುವ ಮೆಕ್ಸಿಕನ್ ದುಂಬಿಯನ್ನು 1984ರಲ್ಲಿ ಬೆಂಗಳೂರಿನಲ್ಲೇ ಮೊದಲು ಬಿಟ್ಟಿದ್ದು. ಸೂರ್ಯಕಾಂತಿ ತಿನ್ನುತ್ತದೆ ಅಂತ 90ರ ದಶಕದ ಶುರುವಿನಲ್ಲಿ ದೊಡ್ಡ ಗಲಾಟೆಯೂ ಆಗಿತ್ತು. ಮಳೆಗಾಲದಲ್ಲಿ ಎಲೆಗಳು ಜರಡಿಯಾಗಿದ್ದರೆ ಅದೇ ಇದೆ ಅಂತ ಅರ್ಥ. ಸಹಾಯ ಮಾಡುತ್ತದೆ. ಅದನ್ನೇ ನಂಬಿ ಕೂರುವುದಕ್ಕೆ ಆಗಲ್ಲ, ಬೇಸಿಗೆಯಲ್ಲಿ ಮಣ್ಣಿನೊಳಗೆ ಮಲಗಿಬಿಡುತ್ತದೆ.

ಹೊಸದಾಗಿ ನೆಟ್ಟ ಹೊಂಗೆ, ಬೇವಿನ ಸಸಿಗಳ ಸುತ್ತ ಬ್ರಶ್ ಕಟರ್ ತರಬೇಡಿ. ನೈಲಾನ್ ದಾರ ತಾಗಿದರೆ ಬುಡದ ಸಿಪ್ಪೆ ಸುತ್ತಲೂ ಸುಲಿಯುತ್ತದೆ. ಮೊದಮೊದಲು ಏನೂ ಗೊತ್ತಾಗಲ್ಲ, ಎಲೆ ಹಸಿರಾಗೇ ಇರುತ್ತದೆ. ಆಮೇಲೆ ನಿಂತಲ್ಲೇ ಒಣಗಿ, "ನೀರು ಸಾಲದೆ ಹೋಯ್ತು" ಅಂತ ರಿಜಿಸ್ಟರ್‌ನಲ್ಲಿ ಬರೆಯುತ್ತಾರೆ. ಸಸಿಯ ಸುತ್ತ ಎರಡಡಿ ಕೈಯಲ್ಲೇ ತೆಗೆಸಿ, ಕತ್ತರಿಸಿದ ಹುಲ್ಲನ್ನೇ ಅಲ್ಲಿಗೆ ಹೊದಿಸಿ.

ಯಾವಾಗ

ಮೊದಲ ಮಳೆ ಬಿದ್ದು ಮೂರು ವಾರಕ್ಕೆ ಮೊದಲ ಸುತ್ತು. ಕಾಂಗ್ರೆಸ್ ಗಿಡ ಹುಟ್ಟಿ ತಿಂಗಳಿಗೆಲ್ಲ ಹೂ ಬಿಡಲು ಶುರು ಮಾಡುತ್ತದೆ, ಅದಕ್ಕಿಂತ ಮೊದಲೇ ಕಿತ್ತರೆ ಬೀಜ ಇಲ್ಲ. ಬಿಳಿ ಹೂ ಕಂಡ ಮೇಲೆ ಕತ್ತರಿಸಿ ಅಲ್ಲೇ ಬಿಟ್ಟರೆ ಬೀಜ ನೀವೇ ಹರಡಿದಂತೆ. ಎರಡನೇ ಸುತ್ತು ಆಗಸ್ಟ್ ಕೊನೆಗೆ, ಹಿಂಗಾರು ಶುರುವಾಗುವ ಮೊದಲು, ಗುರುತು ಹಾಕಿದ ಜಾಗಗಳಿಗೆ ಮಾತ್ರ. ಮೂರನೆಯದು ಡಿಸೆಂಬರ್‌ನಲ್ಲಿ. ಆಗ ಬಯಲನ್ನೂ ಸೇರಿಸಿ, ಒಣ ಹುಲ್ಲು ಬೇಸಿಗೆಯ ಬೆಂಕಿಗೆ ಸಿಗದಂತೆ. ಬಯಲಿನಲ್ಲಿ ಅಲ್ಲಲ್ಲಿ ಒಂದಿಷ್ಟು ಹುಲ್ಲು ಹಾಗೇ ಬಿಟ್ಟರೆ ನಷ್ಟ ಇಲ್ಲ, ಹಕ್ಕಿ ಚಿಟ್ಟೆಗಳಿಗಾಯಿತು. ಅಂಚಿನಿಂದ ದೂರ ಇರಲಿ, ಅಷ್ಟೇ.

ಕರಾವಳಿಯಲ್ಲಿ ಈ ಲೆಕ್ಕ ನಡೆಯಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಲ್ಲಿ ಬಳ್ಳಿಗಳದೇ ಕಾಟ, ಬೋರ್ಡ್ ಮೇಲೆ ಹತ್ತಿ ಊರಿನ ಹೆಸರನ್ನೇ ಮುಚ್ಚುತ್ತವೆ. ಮಣ್ಣು ಸದಾ ಹಸಿ, ಟ್ರಾಕ್ಟರ್ ಹೂತುಕೊಳ್ಳುತ್ತದೆ. ಅಲ್ಲಿಗೆ ಸಣ್ಣ ತಂಡ, ಬ್ರಶ್ ಕಟರ್, ಕತ್ತಿ. ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಸುತ್ತು.

ಎಲ್ಲಿಯೇ ಆಗಲಿ, ಬೆಳಗಿನ ಬೆಳಕು ಪೂರ್ತಿ ಬಂದ ಮೇಲೆ ಶುರು ಮಾಡಿ, ಸಂಜೆ ಮಬ್ಬಾಗುವ ಮೊದಲೇ ಮುಗಿಸಿ. ಎಲ್ಲರಿಗೂ ಹೊಳೆಯುವ ಜಾಕೆಟ್, ಮೊಣಕಾಲುವರೆಗಿನ ಬೂಟು. ಕೊಳಕುಮಂಡಲ ಹಾವಿಗೆ ಇಂಥ ಹುಲ್ಲೆಂದರೆ ಇಷ್ಟ. ಮಷಿನ್ ಹಿಡಿದವನಿಗೆ ಕಿವಿ ಕೇಳುವುದಿಲ್ಲ, ಹಾಗಾಗಿ ತಿರುವಿನ ಆಚೆ ಸೀಟಿ, ಕೆಂಪು ಬಾವುಟ ಹಿಡಿದು ಒಬ್ಬರು ನಿಲ್ಲಲೇಬೇಕು. ಸೀಟಿ ಮಷಿನ್ ಸದ್ದಿನಲ್ಲಿ ಮುಳುಗಿದರೆ ಜೊತೆಗಿದ್ದವರು ಅವನ ಹತ್ತಿರ ಓಡಬಾರದು, ಎದುರಿಗೆ ಬಂದು ಕೈ ಬೀಸಬೇಕು. ಕೆಲಸದ ಮೊದಲೇ ಇದನ್ನು ಮಾತಾಡಿಕೊಂಡಿರಿ.

ಇನ್ನು ದುಡ್ಡು. ಒಪ್ಪಂದ ಬರೆಯುವಾಗ "ವರ್ಷಕ್ಕೆ ಮೂರು ಸಲ ಕಟಿಂಗ್" ಅಂತ ಬರೆದರೆ ಮೂರು ಫೋಟೋ ಬರುತ್ತವೆ. "ಗುರುತು ಹಾಕಿದ ಜಾಗದಲ್ಲಿ ಹುಲ್ಲು ಯಾವತ್ತೂ 15 ಸೆಂಟಿಮೀಟರ್ ಮೀರಬಾರದು" ಅಂತ ಬರೆಯಿರಿ, ಅಳೆಯುವುದಕ್ಕೆ ಒಂದು ಸ್ಕೇಲ್ ಸಾಕು. ಬಯಲಿಗೆ ಬೇರೆ ದರ, ಏರಿಗೆ ಬೇರೆ ದರ, ಮೂಲೆಗೆ ಬೇರೆ. ಮೂಲೆಯ ದರ ಎಲ್ಲಕ್ಕಿಂತ ಜಾಸ್ತಿ ಇರಬೇಕು, ಬಲೆ ಹಿಡಿಯುವವರ, ಬಾವುಟದವರ ಕೂಲಿಯೂ ಅದರಲ್ಲೇ ಬರುತ್ತದೆ. ಕೈಯಲ್ಲಿ ಇರುವುದು ಒಂದೇ ಸುತ್ತಿನ ದುಡ್ಡು ಅಂತಾದರೆ ಬಯಲನ್ನು ಈ ವರ್ಷ ಮುಟ್ಟಬೇಡಿ. ಒಳತಿರುವು, ಮೂಲೆ, ಬೋರ್ಡ್‌ಗಳ ಮುಂಭಾಗ ಮುಗಿಸಿ, ಉಳಿದ ದುಡ್ಡಿಗೆ ಗರಿಕೆ ಹಾಕಿಸಿ.